ಇಪ್ಪತ್ತೊಂದು ಇಂಚಿನ ಚಿಂತೆ

ಬೈಕು ಕೊಳ್ಳುವುದು ಸುಲಭ. ಅದಕ್ಕೆ ಎರಡನೆಯ ಜೊತೆ ಟೈರು ಕೊಳ್ಳುವುದಿದೆಯಲ್ಲ, ಅದು ಕಷ್ಟ. ಮೊದಲ ಜೊತೆಗೆ ನಾವು ಹೊಣೆಯಲ್ಲ. ಅದು ಬೈಕಿನೊಂದಿಗೇ ಬಂದದ್ದು. ಜಾರಿ ಬಿದ್ದರೆ ಕಂಪನಿಯವರನ್ನು ಬೈದು ನೋವನ್ನು ಸ್ವಲ್ಪ ಇಳಿಸಿಕೊಳ್ಳಬಹುದು. ಎರಡನೆಯದನ್ನು ಆರಿಸಿದವರು ನಾವೇ. ಬಿದ್ದರೆ ಬೈಯಲು ಯಾರೂ ಸಿಗುವುದಿಲ್ಲ, ಬೈಸಿಕೊಳ್ಳಲು ಮಾತ್ರ ನಾವು ಸಿಗುತ್ತೇವೆ.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್. 2016ರಲ್ಲಿ ಬಂದ 411 ಸಿ.ಸಿ. ಮಾದರಿ. ಹತ್ತಿರ ಹತ್ತಿರ ಇನ್ನೂರು ಕೆ.ಜಿ. ತೂಗುವ ಗಾಡಿ. ಹೆಸರಿನಲ್ಲೇ ಹಿಮಾಲಯ ಹೊತ್ತುಕೊಂಡಿದ್ದರೂ ದಿನಾ ಅದು ಏರುವ ಅತಿ ಎತ್ತರದ ಜಾಗವೆಂದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಮೇಲ್ಸೇತುವೆ. ಆದರೂ ಸಾಹಸದ ಗಾಡಿಯೆಂದು ಮಾಡಿದ್ದರಿಂದ ಅದರ ಮುಂದಿನ ಚಕ್ರ 21 ಇಂಚು, ಹಿಂದಿನದು 17. ಮುಂದಿನ ಚಕ್ರ ದೊಡ್ಡದಿದ್ದಷ್ಟೂ ಹಳ್ಳ, ಕಲ್ಲು, ಬೇರುಗಳ ಮೇಲೆ ಸಲೀಸಾಗಿ ಹತ್ತಿಳಿಯುತ್ತದೆ. ಅದೇ ಚಕ್ರ ಟೈರಂಗಡಿಗೆ ಹೋದಾಗ ಮಾತ್ರ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ‘ಇಪ್ಪತ್ತೊಂದಾ? ನಮ್ಮಲ್ಲಿ ಬರಲ್ಲ ಸಾರ್, ಜೇಸಿ ರೋಡಲ್ಲಿ ಕೇಳಿ’ ಎನ್ನುತ್ತಾರೆ. ಊರಲ್ಲಿ ಓಡುವ ಬೈಕುಗಳೆಲ್ಲ ಹೆಚ್ಚಾಗಿ ಹದಿನೇಳು, ಹದಿನೆಂಟರವು. ಅವುಗಳ ನಡುವೆ ಈ ಇಪ್ಪತ್ತೊಂದಕ್ಕೆ ಬಂಧುಬಳಗ ಕಡಿಮೆ.

ಟೈರು ಮುಗಿದಿದೆ ಎಂದು ಮೊದಲು ಹೇಳಿದವನು ನಮ್ಮ ಬೀದಿ ಕೊನೆಯ ಪಂಕ್ಚರ್ ಅಂಗಡಿಯ ಹುಡುಗ. ಬಗ್ಗಿ ನೋಡಿ, ‘ಹಿಂದ್ಗಡೆ ಪೂರ್ತಿ ಬೋಳಾಗೋಗಿದೆ ಸಾರ್. ಮುಂದ್ಗಡೆ ಸ್ವಲ್ಪ ಉಳಿದಿದೆ, ಅದೂ ಜಾಸ್ತಿ ದಿನ ಇರಲ್ಲ’ ಅಂದ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ ನನಗೆ, ಅವನು ಹೇಳಿದ್ದು ಟೈರಿನ ವಿಚಾರ ಎಂದು ಖಾತ್ರಿಯಾಗಲು ಕೊಂಚ ಹೊತ್ತು ಹಿಡಿಯಿತು.

ಬೋಳಾದದ್ದನ್ನು ಅಳೆಯಲು ಟೈರಿಗೆ ಲೆಕ್ಕವಿದೆ, ತಲೆಗೆ ಇಲ್ಲ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಪುಟ್ಟ ಉಬ್ಬುಗಳಿರುತ್ತವೆ; ಅವು ಎಲ್ಲಿವೆ ಎಂದು ಪಕ್ಕೆಯಲ್ಲಿ ಟಿಡಬ್ಲ್ಯುಐ ಎಂಬ ಅಚ್ಚು ತೋರಿಸುತ್ತದೆ. ಮೇಲಿನ ರಬ್ಬರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಕತೆ ಮುಗಿಯಿತು. ನಮ್ಮ ಮೋಟಾರು ವಾಹನ ನಿಯಮವೂ ದ್ವಿಚಕ್ರಕ್ಕೆ 0.8 ಮಿಲಿಮೀಟರಿಗಿಂತ ಕಡಿಮೆ ಗೀರನ್ನು ಒಪ್ಪುವುದಿಲ್ಲ. ನನ್ನ ಹಿಂದಿನ ಟೈರು ನಿಯಮವನ್ನೂ ಉಬ್ಬನ್ನೂ ದಾಟಿ ಮುಂದೆ ಹೋಗಿತ್ತು.

ಹುಡುಗ ಇನ್ನೊಂದು ಮಾತು ಸೇರಿಸಿದ: ‘ನಡು ಮಾತ್ರ ಸವ್ದಿದೆ ಸಾರ್. ಸೈಡು ಹಂಗಂಗೇ ಐತೆ.’ ನಿಜ. ನಡುವೆ ಚಪ್ಪಟೆ, ಎರಡೂ ಅಂಚಿನಲ್ಲಿ ಅಚ್ಚಿನಿಂದ ಬಂದಾಗಿನ ಸಣ್ಣ ರಬ್ಬರ್ ಎಳೆಗಳು ಇನ್ನೂ ನಗುತ್ತ ನಿಂತಿದ್ದವು. ನೆಟ್ಟಗೆ ಹೋಗುವ ಹೆದ್ದಾರಿಯಲ್ಲಿ ಟೈರಿನ ನಡು ಸವೆಯುತ್ತದೆ. ತಿರುವುಗಳಲ್ಲಿ ಬೈಕನ್ನು ಮಲಗಿಸಿ ಓಡಿಸಿದರೆ ಅಂಚು ಸವೆಯಬೇಕು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ನಾನು ಬೈಕನ್ನು ಹೇಗೆ ಮಲಗಿಸಿದೆ ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಕೈಯಲ್ಲೇ ಅಭಿನಯಿಸಿ ತೋರಿಸಿದ್ದಕ್ಕೂ ಈ ಎಳೆಗಳಿಗೂ ತಾಳೆಯಾಗುತ್ತಿರಲಿಲ್ಲ. ನಾವು ಎಲ್ಲಿ ಓಡಾಡಿದೆವು ಎಂಬುದಕ್ಕೆ ಹಳೆಯ ಟೈರಿನಷ್ಟು ಪ್ರಾಮಾಣಿಕ ಸಾಕ್ಷಿ ಇನ್ನೊಂದಿಲ್ಲ. ಅದನ್ನು ಅಂಗಡಿಯವರು ಬೇಗ ಎಳೆದು ಮೂಲೆಗೆ ಎಸೆಯುತ್ತಾರೆ, ಸದ್ಯ.

ಸಾಹಸದ ಟೈರುಗಳನ್ನು ಶೇಕಡಾವಾರು ಲೆಕ್ಕದಲ್ಲಿ ಮಾರುತ್ತಾರೆ. 90-10, 80-20, 50-50. ಮೊದಲ ಅಂಕಿ ಟಾರು ರಸ್ತೆಗೆ, ಎರಡನೆಯದು ಮಣ್ಣಿಗೆ. ಅಂಗಡಿಯವನು ‘ನಿಮ್ಮದು ಎಷ್ಟು ಆನ್‌ರೋಡು, ಎಷ್ಟು ಆಫ್‌ರೋಡು?’ ಎಂದು ಕೇಳಿದಾಗ ನಾನು ಬೆಂಗಳೂರಿನವನೆಂಬುದು ಅವನಿಗೆ ಮರೆತಿರಬೇಕು. ನಮ್ಮ ಬೀದಿ ಬೆಳಿಗ್ಗೆ ಆಫೀಸಿಗೆ ಹೊರಟಾಗ ಆನ್‌ರೋಡು; ಸಂಜೆ ವಾಪಸು ಬರುವಷ್ಟರಲ್ಲಿ ಯಾರೋ ಬಂದು ಪೈಪಿಗೆಂದು ಅಗೆದು ಅದನ್ನು ಆಫ್‌ರೋಡು ಮಾಡಿರುತ್ತಾರೆ. ಮುಚ್ಚಿದ ಮೇಲೆ ಕೇಬಲ್ಲಿನವರು ಬರುತ್ತಾರೆ. ಲಡಾಖಿಗೆ ಹೋಗಬೇಕೆಂದು ದುಡ್ಡು ಕೂಡಿಡುವವರು ಜಯನಗರದ ಅಡ್ಡರಸ್ತೆಗಳಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಬಹುದು, ಚಳಿಯೂ ಇರುವುದಿಲ್ಲ.

ಸಲಹೆಗೆ ಬರವಿರಲಿಲ್ಲ. ಆಫೀಸಿನ ಗೆಳೆಯನೊಬ್ಬ ಬಟನ್ ಟೈರಿನ ಕಟ್ಟಾ ಅನುಯಾಯಿ. ‘ಹಾಕಿದ್ರೆ ಬಟನ್ನೇ ಹಾಕ್ಬೇಕು ಗುರು, ಗಾಡಿಗೊಂದು ಲುಕ್ ಬರುತ್ತೆ’ ಎಂದ. ಲುಕ್ಕು ಬರುವುದು ಖಂಡಿತ. ದಪ್ಪ ದಪ್ಪ ರಬ್ಬರ್ ಗುಬಟುಗಳು ಸಡಿಲ ಮಣ್ಣಿನಲ್ಲಿ, ಕೆಸರಿನಲ್ಲಿ ಊರಿ ನಿಂತು ಗಾಡಿಯನ್ನು ಎಳೆದುಕೊಂಡು ಹೋಗುತ್ತವೆ. ಆದರೆ ಟಾರಿನ ಮೇಲೆ ನೆಲಕ್ಕೆ ತಾಗುವುದು ಆ ಗುಬಟುಗಳ ನೆತ್ತಿ ಮಾತ್ರ, ನಡುವಿನದೆಲ್ಲ ಖಾಲಿ. ಹೇಗೂ ಒಂದು ಟೈರಿನಲ್ಲಿ ನೆಲ ಮುಟ್ಟುವ ಜಾಗ ಅಂಗೈ ಅಗಲದ್ದು. ಅದರಲ್ಲೂ ಅರ್ಧ ಗಾಳಿಗೆ ಬಿಟ್ಟರೆ ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕು ಹಿಡಿದವನ ಗತಿ? ತಿರುವಿನಲ್ಲಿ ಗುಬಟುಗಳು ಬಾಗುತ್ತವೆ, ಗಾಡಿ ಒಲೆದಾಡುತ್ತದೆ. ಮೇಲೆ ಗುಂಯ್‌ಗುಡುವ ಸದ್ದು ಬೇರೆ. ಬೇಗ ಸವೆಯುವುದಂತೂ ಅವುಗಳ ಜಾಯಮಾನ. ಗೆಳೆಯನ ಬಟನ್ ಟೈರುಗಳು ಈವರೆಗೆ ತುಳಿದ ಮಣ್ಣೆಂದರೆ ಅವನ ಅಪಾರ್ಟ್‌ಮೆಂಟಿನ ತೋಟಗಾರ ಚೆಲ್ಲಿದ ಗೊಬ್ಬರ.

ರಸ್ತೆ ಟೈರಿನ ಕಡೆಯವರೂ ಇದ್ದರು. ಅದರಲ್ಲಿ ರಬ್ಬರು ಹೆಚ್ಚು, ಗೀರು ಕಡಿಮೆ. ಒದ್ದೆ ಟಾರನ್ನು ಚೆನ್ನಾಗಿ ಹಿಡಿಯುತ್ತದೆ, ನೀರನ್ನು ಗೀರಿನಲ್ಲಿ ಹಾಯಿಸಿ ಆಚೆಗೆ ತಳ್ಳುತ್ತದೆ. ಆದರೆ ಸಕಲೇಶಪುರದ ಕಡೆ ಯಾವುದೋ ತೋಟದ ದಾರಿಗೆ ಇಳಿದಿರೋ, ಕೆಂಪು ಕೆಸರು ಗೀರಿನೊಳಗೆಲ್ಲ ತುಂಬಿಕೊಂಡು ಟೈರು ಎರಡೇ ಸುತ್ತಿಗೆ ನುಣುಪು. ಇನ್ನು ಮಲೆನಾಡಿನ ಮಳೆಗಾಲದಲ್ಲಿ ರಸ್ತೆ ಅಂಚಿನ ಪಾಚಿ ಇದೆಯಲ್ಲ, ಅದರ ಮುಂದೆ ಯಾವ ಶೇಕಡಾವಾರೂ ನಡೆಯುವುದಿಲ್ಲ. ಅಲ್ಲಿ ನಿಧಾನವಾಗಿ ಹೋಗಬೇಕು ಅಷ್ಟೆ. ಅದನ್ನು ಮಾತ್ರ ಯಾವ ಅಂಗಡಿಯೂ ಮಾರುವುದಿಲ್ಲ.

ಕೊಳ್ಳುವ ಕೆಲಸವನ್ನು ಮುಂದಕ್ಕೆ ಹಾಕಲು ಓದುವುದಕ್ಕಿಂತ ಮರ್ಯಾದಸ್ಥ ದಾರಿ ಬೇರೆ ಇಲ್ಲ. ನಾನು ಟೈರಿನ ಚರಿತ್ರೆ ಓದಲು ಕೂತೆ. ಗಾಳಿ ತುಂಬಿದ ಟೈರನ್ನು 1888ರಲ್ಲಿ ಲೋಕಕ್ಕೆ ಒಪ್ಪಿಸಿದ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನ ಪಶುವೈದ್ಯ. ಮಗನ ಮೂರು ಗಾಲಿ ಸೈಕಲ್ಲು ಕುಲುಕದಿರಲಿ ಎಂದು ಮಾಡಿದ್ದು. ಅವನಿಗಿಂತ ನಲವತ್ತು ವರ್ಷಕ್ಕೂ ಮೊದಲೇ ರಾಬರ್ಟ್ ಥಾಮ್ಸನ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದಿದ್ದ, ಪಾಪ, ಆಗ ಕೊಳ್ಳಲು ಸೈಕಲ್ಲುಗಳೇ ಇರಲಿಲ್ಲ. ನಮ್ಮ ಎಂಆರ್‌ಎಫ್ 1946ರಲ್ಲಿ ಮದರಾಸಿನಲ್ಲಿ ಆಟದ ಬಲೂನು ಮಾಡುತ್ತ ಶುರುವಾದದ್ದು. ಸಿಯೆಟ್ ಹೆಸರು ಇಟಲಿಯ ಟ್ಯೂರಿನ್ ನಗರದಿಂದ ಬಂದದ್ದು, ಅದರ ಪೂರ್ಣರೂಪದಲ್ಲಿ ಇರುವುದು ವಿದ್ಯುತ್ ಕೇಬಲ್ಲು, ಟೈರಲ್ಲ. ಇಷ್ಟೆಲ್ಲ ತಿಳಿದ ಮೇಲೂ ಹಿಂದಿನ ಟೈರು ಬೋಳಾಗಿಯೇ ಇತ್ತು.

ಕೊನೆಗೆ ಮೈಸೂರಿನಿಂದ ಬಂದಿದ್ದ ದೊಡ್ಡಪ್ಪನನ್ನು ಕರೆದುಕೊಂಡು ಜೆ.ಸಿ. ರಸ್ತೆಗೆ ಹೋದೆ. ದೊಡ್ಡಪ್ಪ ಐಡಿಯಲ್ ಜಾವಾ ಕಾಲದವರು. 1961ರಿಂದ 1996ರವರೆಗೆ ಮೈಸೂರಿನಲ್ಲಿ ಜಾವಾ, ಯೆಜ್ಡಿ ತಯಾರಾದ ಆ ಕಾರ್ಖಾನೆಯ ಬೈಕಿನಲ್ಲೇ ಅವರು ಜೋಗ, ಆಗುಂಬೆ, ಕುದುರೆಮುಖ ಎಲ್ಲ ಮುಗಿಸಿದವರು. ‘ನೀವು ಆಗ ಯಾವ ಟೈರು ಹಾಕ್ತಿದ್ರಿ ದೊಡ್ಡಪ್ಪ?’ ಎಂದೆ. ‘ಯಾವ್ದೂಂದ್ರೆ? ದುಂಡಗಿದ್ರೆ ಸಾಕಿತ್ತು’ ಎಂದರು.

ಆದರೆ ಅಂಗಡಿಯಲ್ಲಿ ಕೆಲಸಕ್ಕೆ ಬಂದದ್ದು ಅವರ ಇನ್ನೊಂದು ವಿದ್ಯೆ. ನೆಂಟರಿಷ್ಟರ ಜಾತಕ ಕೂಡಿಸುವುದರಲ್ಲಿ ಅವರದು ಎತ್ತಿದ ಕೈ, ಟೈರಿನ ಪಕ್ಕೆ ಎಂದರೆ ಅದರ ಜಾತಕವೇ. ಕನ್ನಡಕ ಸರಿಮಾಡಿಕೊಂಡು ಓದಿದರು: 120/90-17, 64 ಎಸ್. ಅಗಲ 120 ಮಿಲಿಮೀಟರು, ಎತ್ತರ ಅದರ ಶೇಕಡಾ 90, ರಿಮ್ಮು 17 ಇಂಚು. 64 ಎಂದರೆ 280 ಕೆ.ಜಿ. ಹೊರಬಲ್ಲದು. ಎಸ್ ಎಂದರೆ ಗಂಟೆಗೆ 180 ಕಿ.ಮೀ. ತಡೆಯಬಲ್ಲದು.

‘ನಿನ್ನ ಗಾಡಿ ನೂರೆಂಬತ್ತು ಹೋಗುತ್ತೇನೋ?’

‘ಇಳಿಜಾರು, ಹಿಂದಿನ ಗಾಳಿ ಎರಡೂ ಸೇರಿದ್ರೂ ಇಲ್ಲ ದೊಡ್ಡಪ್ಪ.’

‘ಹಾಗಾದ್ರೆ ಗಂಡಿಗಿಂತ ಹೆಣ್ಣೇ ಹೆಚ್ಚು ಓದಿದೆ. ಪರವಾಗಿಲ್ಲ. ಈ ಎಂ ಪ್ಲಸ್ ಎಸ್ ಏನು?’

ಅದು ಕೆಸರು ಮತ್ತು ಹಿಮದ ಗುರುತು ಎಂದು ಅಂಗಡಿಯವನು ವಿವರಿಸಿದ. ಬೆಂಗಳೂರಿನಲ್ಲಿ ಹಿಮ ಸಿಗುವುದು ಫ್ರಿಜ್ಜಿನ ಮೇಲ್ಖಾನೆಯಲ್ಲಿ ಎಂದು ದೊಡ್ಡಪ್ಪ ಆ ಗ್ರಹವನ್ನು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು ನೋಡಿ, ನಾನು ಇಷ್ಟು ಓದಿಯೂ ಕೇಳದ ಪ್ರಶ್ನೆಯನ್ನು: ‘ಇದು ಹುಟ್ಟಿದ್ದು ಯಾವಾಗ?’

ಅಂಗಡಿಯವನ ಮುಖ ಸ್ವಲ್ಪ ಬದಲಾಯಿತು. ಪಕ್ಕೆಯಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 3219 ಎಂದಿದ್ದರೆ 2019ರ ಮೂವತ್ತೆರಡನೆಯ ವಾರ ತಯಾರಾದದ್ದು ಎಂದರ್ಥ. ಬಳಸದೆ ಇಟ್ಟರೂ ರಬ್ಬರು ವರ್ಷ ಕಳೆದಂತೆ ಗಡಸಾಗುತ್ತ ಹೋಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಇಪ್ಪತ್ತೊಂದು ಇಂಚಿನದು ಕೇಳುವವರೇ ಕಡಿಮೆಯಾದ್ದರಿಂದ ಅಟ್ಟದ ಮೇಲೆ ಹೆಚ್ಚು ದಿನ ಕೂರುವುದೂ ಅದೇ. ನನಗೆ ರಿಯಾಯಿತಿಯಲ್ಲಿ ತೋರಿಸಿದ್ದ ವಿದೇಶಿ ಟೈರಿನ ವಯಸ್ಸು ನನ್ನ ಬೈಕಿನದಕ್ಕಿಂತ ಜಾಸ್ತಿ. ‘ವಯಸ್ಸು ಮುಚ್ಚಿಟ್ಟಿದ್ದಾರೆ, ಬೇರೆ ತೋರಿಸಿ’ ಎಂದರು ದೊಡ್ಡಪ್ಪ.

ಬೇರೆ ತೋರಿಸಿದರು. ಆ ವಿದೇಶಿ ಜೊತೆಯ ಅರ್ಧ ಬೆಲೆಗೆ ಸ್ವದೇಶಿ ಜೊತೆ, ತಯಾರಾಗಿ ಕೆಲವೇ ತಿಂಗಳಾದದ್ದು, 80-20. ನಾನು ಹಳೆಯ ಟೈರಿನ ಚಪ್ಪಟೆ ನಡುವನ್ನು ನೆನೆದು 90-10 ಎನ್ನಬೇಕೆಂದಿದ್ದೆ. ನಮ್ಮ ಬೀದಿಯ ಪೈಪಿನವರನ್ನೂ ಕೇಬಲ್ಲಿನವರನ್ನೂ ನೆನೆದು 80-20ಕ್ಕೆ ಒಪ್ಪಿಕೊಂಡೆ. ಕಡ್ಡಿಗಾಲಿಯಾದ್ದರಿಂದ ಒಳಗೆ ಟ್ಯೂಬೂ ಹೊಸದೇ ಆಗಬೇಕಾಯಿತು. ಪಕ್ಕೆಯ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗಿದೆಯೇ ಎಂದು ನಾನು ನೋಡಿದೆ. ಹುಡುಗ ನೋಡಿರಲಿಲ್ಲ, ಬಿಚ್ಚಿ ಮತ್ತೆ ಹಾಕಿದ.

ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ನೂರೈವತ್ತು ಕಿಲೋಮೀಟರಾದರೂ ಮೆತ್ತಗೆ ಓಡಿಸಬೇಕು ಎಂದು ಅಂಗಡಿಯವನು ಹೇಳುತ್ತಿದ್ದಾಗಲೇ ದೊಡ್ಡಪ್ಪ ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದು ಚಕ್ರಗಳ ಕೆಳಗಿಟ್ಟರು. ಮೊದಲೇ ಜಾರುವ ಟೈರಿಗೆ ನಿಂಬೆರಸದ ಅಭಿಷೇಕವೂ ಆಯಿತು. ಜೆ.ಸಿ. ರಸ್ತೆಯಿಂದ ಮನೆಯವರೆಗೆ ನಾನು ಹೋದ ವೇಗಕ್ಕೆ ಹಿಂದಿನ ಸೀಟಿನಲ್ಲಿದ್ದ ದೊಡ್ಡಪ್ಪ ದಾರಿಯಲ್ಲಿ ಎರಡು ಕಡೆ ಸೊಪ್ಪಿನ ಬೆಲೆ ವಿಚಾರಿಸಿದರು.

ನೀವೂ ಕೊಳ್ಳಲು ಹೊರಟಿದ್ದರೆ ಲಡಾಖಿನ ಚಿತ್ರಪಟ ನೋಡಬೇಡಿ, ಕೂತು ನಿಮ್ಮ ಹಳೆಯ ಟೈರನ್ನು ನೋಡಿ; ನಾಲ್ಕಂಕಿ ಓದದೆ ದುಡ್ಡು ಬಿಚ್ಚಬೇಡಿ. ಇನ್ನೊಂದು. ಈ ಗಾಡಿಗೆ ಒಬ್ಬರೇ ಹೋಗುವಾಗ ಗಾಳಿ ಮುಂದೆ 25, ಹಿಂದೆ 32. ಬಂಕಿನ ಹುಡುಗ ಎರಡಕ್ಕೂ ಒಂದೇ ಸಮ ನಲವತ್ತು ಹೊಡೆಯಲು ಪೈಪು ಹಿಡಿದು ಬರುತ್ತಾನೆ. ಇಳಿದು ನಿಂತು ನೋಡಿ.