ಸ್ಪೋಕನ್ ಇಂಗ್ಲಿಷ್ ಸರ್

ಬೆಂಗಳೂರಿನ ವಿಜಯನಗರವೇ ಇರಲಿ, ಧಾರವಾಡದ ಸಪ್ತಾಪುರವೇ ಇರಲಿ, ನಾಲ್ಕು ಹೆಜ್ಜೆ ಇಟ್ಟರೆ ಇವರ ಬೋರ್ಡು ಹಣೆಗೆ ಬಡಿಯುತ್ತದೆ: ‘ಮೂವತ್ತು ದಿನಗಳಲ್ಲಿ ನಿರರ್ಗಳ ಇಂಗ್ಲಿಷ್’. ಮೂವತ್ತೊಂದನೇ ದಿನದ ಸುದ್ದಿ ಬೋರ್ಡಿನಲ್ಲಿಲ್ಲ. ಅಂದು ‘ಅಡ್ವಾನ್ಸ್ಡ್ ಬ್ಯಾಚ್’ ಶುರು.

ಸರ್ ಈ ಕಸುಬಿಗೆ ಬಯಸಿ ಬಂದವರಲ್ಲ. ಎಂ.ಎ. ಮುಗಿಸಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ, ತಿಂಗಳುಗಟ್ಟಲೆ ಬಾರದ ಗೌರವಧನಕ್ಕೆ ಕಾಯುವಷ್ಟು ತಾಳ್ಮೆ ಅವರಿಗಿತ್ತು, ಮನೆ ಓನರಿಗೆ ಇರಲಿಲ್ಲ. ಹಾಗಾಗಿ ಮೊದಲ ಶಿಷ್ಯ ಓನರ್ ಮಗನೇ. ಫೀಸು ಬಾಡಿಗೆಗೆ ವಜಾ.

2000ನೇ ಇಸವಿಯ ಆಸುಪಾಸಿನಲ್ಲಿ ಕಾಲ್ ಸೆಂಟರುಗಳು ಬಂದಾಗ ಸರ್ ರಾತ್ರೋರಾತ್ರಿ ‘ಆಕ್ಸೆಂಟ್ ಟ್ರೇನರ್’ ಆದರು. ಹಾಸನದ ಹುಡುಗ ‘ಮೈಕ್’ ಎಂದು ಹೆಸರು ಹೇಳಿಕೊಂಡು ಟೆಕ್ಸಾಸಿನ ಅಜ್ಜಿಗೆ ಕ್ರೆಡಿಟ್ ಕಾರ್ಡಿನ ಬಾಕಿ ನೆನಪಿಸಬೇಕಿತ್ತಲ್ಲ! ಅಮೆರಿಕದ ಉಚ್ಚಾರಣೆಗೆ ಸರ್‌ಗಿದ್ದ ಆಧಾರ ಬರ್ಮಾ ಬಜಾರಿನ ಸಿನಿಮಾ ಸಿ.ಡಿ.ಗಳು. ಕೆಲವು ಶಿಷ್ಯರು ಬಾಕಿ ವಸೂಲಿಗೆ ಕೌಬಾಯ್ ಧಾಟಿ ಹಿಡಿದದ್ದು ಅದಕ್ಕೇ.

ಅವರ ಸುವರ್ಣಯುಗ ಮಾತ್ರ ವಿದೇಶಕ್ಕೆ ಹೊರಟವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನದು. ಒಂಬತ್ತು ಬ್ಯಾಂಡಿನ ಆ ಪರೀಕ್ಷೆಯಲ್ಲಿ ಮಾತಾಡಬೇಕಾದದ್ದು 11ರಿಂದ 14 ನಿಮಿಷ. ಅಷ್ಟಕ್ಕೆ ಎರಡು ತಿಂಗಳ ಕೋಚಿಂಗ್. ‘ನಿಮ್ಮ ಊರಿನ ಬಗ್ಗೆ ಹೇಳಿ’ ಎಂದರೆ ಆಗುಂಬೆಯವನೂ ಕಲಬುರಗಿಯವನೂ ‘ಹಸಿರಿನ ನಡುವಿನ ತಂಪಾದ ಊರು’ ಎಂದೇ ಶುರುಮಾಡುತ್ತಿದ್ದರು. ಉರುಹೊಡೆದ ಉತ್ತರವೆಂದು ಪರೀಕ್ಷಕರಿಗೆ ಗೊತ್ತಾದರೆ ಅಂಕ ಇಳಿಯುತ್ತದೆ. ಸರ್ ಸೋಲೊಪ್ಪಲಿಲ್ಲ, ಎಲ್ಲೆಲ್ಲಿ ತಡವರಿಸಬೇಕೆಂಬುದನ್ನೂ ಉರುಹೊಡೆಸಿದರು. ಇನ್ನೊಂದು ವರವೆಂದರೆ, ಆ ಅಂಕಕ್ಕೆ ಆಯುಸ್ಸು ಎರಡೇ ವರ್ಷ. ಅಷ್ಟರಲ್ಲಿ ವಿಮಾನ ಹತ್ತದವರ ಇಂಗ್ಲಿಷ್ ಹಾಲಿನಂತೆ ಒಡೆದುಹೋಗುತ್ತದೆ, ಶಿಷ್ಯರು ಮತ್ತೆ ಗುರುವಿನ ಪಾದಕ್ಕೆ ಬರುತ್ತಾರೆ. ಯಾವ ವೈದ್ಯನಿಗೂ ಇಂಥ ನಿಷ್ಠಾವಂತ ರೋಗಿಗಳು ಸಿಕ್ಕಿರಲಾರರು.

ನಡುವೆ ‘ವ್ಯಕ್ತಿತ್ವ ವಿಕಸನ’, ಯೂಟ್ಯೂಬ್ ಚಾನೆಲ್, ಆ್ಯಪಿನವರಿಗೆ ಗಂಟೆ ಲೆಕ್ಕದ ಪಾಠ, ಎಲ್ಲ ಆಗಿಹೋಯಿತು. ಈಗ ನರ್ಸಿಂಗ್ ಓದಿದವರ ಕಣ್ಣು ಜರ್ಮನಿಯ ಮೇಲೆ, ಅಲ್ಲಿ ಕೇಳುವುದು ಬಿ2 ಮಟ್ಟದ ಜರ್ಮನ್. ಬಾಡಿಗೆ ಕಟ್ಟಬೇಕಾದ ಸರ್ ಸುಮ್ಮನಿರುತ್ತಾರೆಯೇ? ಐವತ್ತರ ಹೊಸ್ತಿಲಲ್ಲಿ ಜರ್ಮನ್‌ನ ಮೊದಲ ಮೆಟ್ಟಿಲು ಎ1 ತರಗತಿಗೆ ಸೇರಿದ್ದಾರೆ. ಬೆಳಿಗ್ಗೆ ಕಲಿತದ್ದನ್ನು ಸಂಜೆ ಕಲಿಸುತ್ತಾರೆ. ರಜೆ ಹಾಕಿದ ದಿನ ಸಂಜೆ ‘ರಿವಿಷನ್’.

ಪಿ.ಎಫ್. ಇಲ್ಲ, ಪೆನ್ಷನ್ ಇಲ್ಲ, ಬಡ್ತಿ ಎಂದರೆ ಹೊಸ ಬೋರ್ಡು. ಆದರೂ, ಶಾಲೆಯಲ್ಲಿ ಹತ್ತು ವರ್ಷ ಇಂಗ್ಲಿಷ್ ಪೀರಿಯಡ್ಡಿನಲ್ಲಿ ತಲೆ ತಗ್ಗಿಸಿ ಕೂತವರು ಇವರೆದುರು ತಪ್ಪೋ ಸರಿಯೋ ಬಾಯಿ ಬಿಡುತ್ತಾರೆ. ಆ ಕೆಲಸ ಬಲ್ಲವರು ನಮ್ಮಲ್ಲಿ ಕಡಿಮೆ. ಮಕ್ಕಳನ್ನು ಧಾರಾಳವಾಗಿ ಸೇರಿಸಿ. ಫೀಸಿನ ಚೌಕಾಶಿ ಮಾತ್ರ ಕನ್ನಡದಲ್ಲೇ ಮಾಡಿ, ಇಂಗ್ಲಿಷಿಗೆ ಇಳಿದರೆ ಅವರೇ ಗೆಲ್ಲುತ್ತಾರೆ.