ಸುದತ್ತಸಂಪ್ರದಾಯ: ಆತ್ಮರಕ್ಷಣೆಯ ಪ್ರಾಚೀನ ವಿದ್ಯೆಗಳ ತಾರತಮ್ಯವಿಚಾರ

ಆತ್ಮರಕ್ಷಣೆಯ ಸಲುವಾಗಿ ನಮ್ಮ ಪೂರ್ವಿಕರು ರೂಢಿಸಿಕೊಂಡ ನಾನಾ ವಿದ್ಯೆಗಳಲ್ಲಿ ಯಾವುದು ಮಿಗಿಲು ಎಂಬ ಜಿಜ್ಞಾಸೆ ಹಳೆಯದೇ ಆದರೂ, ಅದನ್ನು ಅರಸೀಕೆರೆ, ಬೇಲೂರು, ಹಳೇಬೀಡು ಎಂಬ ಮೂರು ಊರುಗಳ ನಡುವಣ ಪುಣ್ಯಭೂಮಿಯಲ್ಲಿ ನಿಂತು, ಶಿಲ್ಪ, ಶಾಸನ, ಬಸ್ ನಿಲ್ದಾಣ ಎಂಬ ಪ್ರಮಾಣತ್ರಯದಿಂದ ಶೋಧಿಸಿದವರು ವಿರಳ. ಶಿಲ್ಪವೊಂದನ್ನೇ ನಂಬಿದವರು, ಪ್ರತಿಯೊಬ್ಬ ಹೊಯ್ಸಳನೂ ಬೆಳಗ್ಗೆ ಒಂದು ಸಿಂಹವನ್ನು ಕೊಂದ ಮೇಲೆಯೇ ಹಲ್ಲುಜ್ಜುತ್ತಿದ್ದನೆಂದು ಭಾವಿಸಿದರು. ಶಾಸನವೊಂದನ್ನೇ ನಂಬಿದವರು, ಆ ಕಾಲದಲ್ಲಿ ಸೋತ ದೊರೆಯೇ ಇರಲಿಲ್ಲವೆಂದು ಬರೆದರು. ಬಸ್ ನಿಲ್ದಾಣವೊಂದನ್ನೇ ಕಂಡವರಿಗೆ ಬರೆಯುವ ವ್ಯವಧಾನವೇ ಉಳಿಯಲಿಲ್ಲ. ಈ ಮೂರನ್ನೂ ಸಮನ್ವಯಗೊಳಿಸಿ ಸಿದ್ಧಾಂತವೊಂದನ್ನು ಸ್ಥಾಪಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಶಾಸ್ತ್ರಕ್ಕೆ ಮೊದಲು ಲಕ್ಷಣ ಬೇಕು. ‘ಪರರಿಂದ ಒದಗಿದ ಪೆಟ್ಟನ್ನು ನಿವಾರಿಸಿಕೊಂಡು ರಾತ್ರಿಯ ಊಟಕ್ಕೆ ಮನೆ ಸೇರುವುದು ಆತ್ಮರಕ್ಷಣೆ’ ಎಂಬುದು ನಾವು ಅಂಗೀಕರಿಸಿರುವ ಲಕ್ಷಣ. ಇದರಲ್ಲಿ ‘ರಾತ್ರಿಯ ಊಟಕ್ಕೆ’ ಎಂಬ ಪದ ವ್ಯರ್ಥವೆಂದು ಆಕ್ಷೇಪಿಸುವ ಪೂರ್ವಪಕ್ಷಿಯು ಅರಸೀಕೆರೆ ಸೀಮೆಯಲ್ಲಿ ವೀರಗಲ್ಲು ಉಳಿದಿರುವ ಯಾವುದಾದರೊಂದು ಹಳ್ಳಿಗೆ ಹೋಗಿ ಒಂದು ಗಳಿಗೆ ನಿಲ್ಲಬೇಕು. ಕೆಳಗಿನ ಪಟ್ಟಿಕೆಯಲ್ಲಿ ತುರುಗಳನ್ನು ಮರಳಿಸಲು ಕಾದುವ ವೀರ, ನಡುವಣ ಪಟ್ಟಿಕೆಯಲ್ಲಿ ಅವನನ್ನು ತೋಳು ಹಿಡಿದು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಇಂಥ ಕಲ್ಲುಗಳ ಬರಹವನ್ನೂ ದೇಗುಲಗಳ ಬರಹವನ್ನೂ ಕೂಡಿಸಿ ಬಿ. ಎಲ್. ರೈಸ್ ಮಹಾಶಯರು ಹಾಸನ ಜಿಲ್ಲೆಯ ಶಾಸನಸಂಪುಟವನ್ನು ೧೯೦೨ರಲ್ಲಿ ಪ್ರಕಟಿಸಿದಂದಿನಿಂದ ವಿದ್ವಾಂಸರು ಈ ವೀರರ ಪರಾಕ್ರಮವನ್ನು ಕೊಂಡಾಡುತ್ತಲೇ ಬಂದಿದ್ದಾರೆ. ಆದರೆ ಕಳ್ಳರನ್ನು ಅಟ್ಟಿ, ದನಗಳನ್ನು ಹೊಡೆದುಕೊಂಡು ಬಂದು, ಕೊಟ್ಟಿಗೆಗೆ ಕಟ್ಟಿ, ಕಾಲು ತೊಳೆದು, ಮುದ್ದೆಯುಂಡು ಮಲಗಿದವನಿಗೆ ಯಾವ ಊರಿನವರೂ ಕಲ್ಲು ನೆಡಿಸಲಿಲ್ಲ. ಆದಕಾರಣ ನಮ್ಮ ನಾಡಿನಲ್ಲಿ ಆತ್ಮರಕ್ಷಣೆಯ ವಿಷಯವಾಗಿ ದೊರೆಯುವ ಶಿಲಾಪ್ರಮಾಣವೆಲ್ಲವೂ ಆ ವಿದ್ಯೆಯಲ್ಲಿ ಅನುತ್ತೀರ್ಣರಾದವರ ಪ್ರಮಾಣ. ಉತ್ತೀರ್ಣರಾದವರು ಒಂದಕ್ಷರವನ್ನೂ ಉಳಿಸದೆ ಮುಪ್ಪಿನಿಂದ ಸತ್ತರು. ಊಟದ ಪದವನ್ನು ಲಕ್ಷಣದಿಂದ ಕಿತ್ತುಹಾಕಿದರೆ ಸ್ವರ್ಗಸ್ಥರಿಗೆಲ್ಲ ಅತಿವ್ಯಾಪ್ತಿ ತಪ್ಪದು.

ಇನ್ನು ಮೂಲಪುರುಷನ ವಿಚಾರ. ಅಂಗಡಿ ಎಂದು ಇಂದು ಕರೆಯಲ್ಪಡುವ ಸೊಸೆವೂರಿನಲ್ಲಿ, ವಾಸಂತಿಕಾದೇವಿಯ ಸನ್ನಿಧಿಯಲ್ಲಿ, ಜೈನಯತಿ ಸುದತ್ತರ ಎದುರಿಗೆ ಹುಲಿಯೊಂದು ಹಾಯ್ದು ಬಂದಿತೆಂದೂ, ಯತಿಗಳು ‘ಹೊಯ್ ಸಳ’ ಎಂದರೆಂದೂ, ಸಳನು ಹೊಯ್ದನೆಂದೂ, ಅವನ ವಂಶಕ್ಕೆ ಆ ಮಾತೇ ಹೆಸರಾಯಿತೆಂದೂ ಐತಿಹ್ಯವುಂಟು. ಆಯುಧ ಯಾವುದೆಂಬಲ್ಲಿ ಮತಭೇದ: ಶಾಸನಕಾರರಲ್ಲಿ ಕೆಲವರು ಯತಿಗಳ ಕೈಯ ಸೆಳೆಯೆಂದರು, ಜನರ ಬಾಯಲ್ಲಿ ಅದು ಕಬ್ಬಿಣದ ಸಲಾಕೆಯಾಯಿತು, ಶಿಲ್ಪಿಗಳು ಸೆಳೆಯಿಂದ ತೃಪ್ತರಾಗದೆ ಅಲಗನ್ನೇ ಕೊಟ್ಟರು. ಮೃಗದ ವಿಷಯದಲ್ಲಿಯೂ ಇದೇ ಗತಿ. ಕಥೆಯಲ್ಲಿ ಹುಲಿಯಾದದ್ದು ಕಲ್ಲಿನಲ್ಲಿ ಸಿಂಹವಾಗಿ, ಕೇಸರವನ್ನೂ ಗುಂಗುರು ಗುಂಗುರಾಗಿ ಬಿಟ್ಟುಕೊಂಡು ನಿಂತಿದೆ. ವಿಷ್ಣುವರ್ಧನನು ೧೧೧೬ರ ವೇಳೆಗೆ ತಲಕಾಡಿನಲ್ಲಿ ಚೋಳರನ್ನು ಮುರಿದದ್ದರಿಂದ, ಚೋಳರ ಲಾಂಛನವಾದ ವ್ಯಾಘ್ರವನ್ನು ಕೊಲ್ಲುವ ಚಿತ್ರವು ಹುಟ್ಟಿತೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಅವರ ಮಾತು ನಿಜವಾದಲ್ಲಿ ಹುಲಿಗೆ ಪೆಟ್ಟೇ ಬೀಳಲಿಲ್ಲವಾಗಿ ಹುಲಿಯ ದೃಷ್ಟಿಯಿಂದ ಅದು ಸಂತೋಷದ ಸಂಗತಿ.

ಬೇಲೂರಿನ ದೇಗುಲದ ಬಾಗಿಲ ಪಕ್ಕದಲ್ಲಿರುವ ಸಳನನ್ನು ಪ್ರಯೋಗದೃಷ್ಟಿಯಿಂದ ನೋಡತಕ್ಕದ್ದು. ಕೊರಳಲ್ಲಿ ಹಾರಗಳು, ತೋಳಲ್ಲಿ ಬಂದಿ, ಮುಂಗೈಯಲ್ಲಿ ಕಡಗ, ನಡುವಿನಲ್ಲಿ ಪಟ್ಟಿ, ಪಟ್ಟಿಯಿಂದ ಇಳಿಬಿದ್ದ ಕುಚ್ಚು. ಇಷ್ಟನ್ನು ತೊಟ್ಟುಕೊಳ್ಳಲು ಒಬ್ಬ ಸಾಮಾನ್ಯ ಗೃಹಸ್ಥನಿಗೆ ಮದುವೆಯ ದಿನದಲ್ಲಿಯೂ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಮೃಗವು ಕಾದಿತ್ತೆಂದು ಒಪ್ಪುವುದಾದರೆ ಅದರ ಸೌಜನ್ಯವನ್ನು ಮೆಚ್ಚಬೇಕು. ಒಪ್ಪದಿದ್ದರೆ ಸಳನು ಸದಾಕಾಲವೂ ಹೀಗೆಯೇ ಸಿಂಗರಿಸಿಕೊಂಡು ತಿರುಗುತ್ತಿದ್ದನೆನ್ನಬೇಕು. ಎರಡನೆಯ ಪಕ್ಷವೇ ನಮಗೆ ಹಿತವಾಗಿ ತೋರುತ್ತದೆ.

ಆದರೆ ವಿದ್ವಜ್ಜನರು ಒಂದು ಅಂಶವನ್ನು ಗಮನಿಸದೆ ಹೋದರು. ಹುಲಿಯು ಬಂದದ್ದು ಯತಿಗಳ ಮೇಲೆ. ಸಳನು ಮಾಡಿದ್ದು ಪರರಕ್ಷಣೆ. ಆತ್ಮರಕ್ಷಣೆ ಮಾಡಿಕೊಂಡವರು ಸುದತ್ತರು. ಅವರು ಆಸನದಿಂದ ಏಳಲಿಲ್ಲ, ಓಡಲಿಲ್ಲ, ಅಹಿಂಸಾವ್ರತಕ್ಕೆ ತಾವಾಗಿ ಭಂಗ ತಂದುಕೊಳ್ಳಲೂ ಇಲ್ಲ. ಸಮೀಪದಲ್ಲಿದ್ದ ಒಬ್ಬ ಗಟ್ಟಿ ಆಳನ್ನು ಗುರುತಿಸಿ, ಎರಡು ಮಾತನಾಡಿ, ಫಲವನ್ನು ನಿರೀಕ್ಷಿಸಿದರು. ಪೆಟ್ಟಿನ ಅಪಾಯ ಸಳನಿಗೆ, ಪ್ರಾಣ ಸುದತ್ತರಿಗೆ. ನಮ್ಮ ಲಕ್ಷಣಕ್ಕೆ ಇಷ್ಟು ನಿರ್ದುಷ್ಟವಾಗಿ ಹೊಂದುವ ಉದಾಹರಣೆ ಬೇರೊಂದಿಲ್ಲ. ಆದ್ದರಿಂದ ಈ ಸೀಮೆಯ ಆತ್ಮರಕ್ಷಣಾವಿದ್ಯೆಯ ಆದಿಗುರು ಸಳನಲ್ಲ, ಸುದತ್ತರೇ ಎಂದು ನಾವು ಪ್ರತಿಜ್ಞೆ ಮಾಡುತ್ತೇವೆ. ಮುಂದಿನ ವಿವೇಚನೆಯೆಲ್ಲ ಈ ಪ್ರತಿಜ್ಞೆಯ ಸಾಧನೆಗಾಗಿಯೇ.

ಮಲ್ಲವಿದ್ಯೆಯವರು ಇಲ್ಲಿ ತೊಡೆ ತಟ್ಟಿ ಎದುರು ನಿಲ್ಲುವುದು ಸಹಜ. ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿ, ಅವರಿಗೆ ಅರಮನೆಯಿಂದ ಒದಗಿಸತಕ್ಕ ಆಹಾರವನ್ನೂ ವಿಧಿಸಿದ್ದಾನೆ. ಸ್ವತಃ ಚಕ್ರವರ್ತಿಯೇ ತುಪ್ಪದ ಖರ್ಚನ್ನು ವಹಿಸಿಕೊಳ್ಳುವಲ್ಲಿ ಯಾವ ವಿದ್ಯೆ ತಾನೇ ಏಳಿಗೆಗೆ ಬಾರದು? ಇಂದಿನ ಗರಡಿಯಲ್ಲಿ ತುಪ್ಪವು ಪೈಲ್ವಾನನ ಮನೆಯವರ ಪಾಲಿನದು. ಉಸ್ತಾದರದು ಉಪದೇಶ ಮಾತ್ರ. ಕೆಮ್ಮಣ್ಣಿನ ಮಟ್ಟಿಯಲ್ಲಿ ಕಾಚ ಬಿಗಿದು, ಮಣ್ಣನ್ನು ಕಣ್ಣಿಗೊತ್ತಿಕೊಂಡು, ಕೈಗೆ ಕೈ ಕೊಟ್ಟು, ಅನಂತರ ಪಟ್ಟು ಹಾಕಿ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿದರೆ ಗೆಲವು. ಇದು ಅತ್ಯಂತ ಸಭ್ಯವಾದ ವಿದ್ಯೆ. ಅದರ ದೋಷವೂ ಅದೇ. ಬೀದಿಯ ಎದುರಾಳಿಗೆ ಕಾಚವಿರದೆ ಪಂಚೆಯಿರುತ್ತದೆ, ಅದಕ್ಕೆ ಕೈ ಹಾಕಿದರೆ ವಸ್ತ್ರಾಪಹರಣದ ಆರೋಪ ಬರುತ್ತದೆ. ಮೇಲಾಗಿ ತನ್ನ ಬೆನ್ನು ನೆಲಕ್ಕೆ ತಾಗಿದ ಮಾತ್ರಕ್ಕೆ ಸೋತೆನೆಂದು ಒಪ್ಪಿಕೊಳ್ಳುವ ಸಂಸ್ಕಾರವೂ ಅವನಿಗಿಲ್ಲ, ಮಲಗಿಕೊಂಡೇ ಬೈಯುತ್ತಾನೆ.

ಜಟ್ಟಿಗಳ ವಜ್ರಮುಷ್ಟಿಯು ಇದಕ್ಕಿಂತ ಉಗ್ರವಾದುದು. ವಿಜಯದಶಮಿಯಂದು ಮೈಸೂರಿನ ಅರಮನೆಯಲ್ಲಿ ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳಿಗೆ ಮೊನಚಾದ ಮುಷ್ಟಿಯನ್ನು ತೊಟ್ಟು ಕಾದುತ್ತಾರೆ. ಒಬ್ಬನ ತಲೆಯಿಂದ ಒಂದು ತೊಟ್ಟು ನೆತ್ತರು ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಆಕ್ರಮಣಕಾರನು ಮುಂಗಡವಾಗಿ ತಿಳಿಸಿ, ಕ್ಷೌರಕ್ಕೆ ಅವಕಾಶ ಕೊಟ್ಟು, ಮೊದಲ ತೊಟ್ಟಿಗೇ ಸಮಾಧಾನಗೊಳ್ಳುವವನಾದರೆ ಈ ವಿದ್ಯೆಯನ್ನು ಮೀರಿಸುವುದು ಯಾವುದೂ ಇಲ್ಲ. ದೊಣ್ಣೆವರಸೆಯ ವಿಷಯವಾಗಿ ಹೆಚ್ಚು ಬರೆಯಬೇಕಾದ್ದಿಲ್ಲ: ಅದಕ್ಕೆ ಸುತ್ತಲೂ ಆಳುದ್ದದ ಖಾಲಿ ಜಾಗ ಬೇಕು, ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಬುಟ್ಟಿಗೆ ತಗುಲದಂತೆ ಕೊಡೆ ಬಿಚ್ಚುವುದೇ ಕಷ್ಟ.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ಬಳಿ ಒಂದು ಕಂಬವಿದೆ. ಇಮ್ಮಡಿ ಬಲ್ಲಾಳನು ೧೨೨೦ರಲ್ಲಿ ತೀರಿಕೊಂಡಾಗ, ಅವನ ದಂಡನಾಯಕ ಕುವರಲಕ್ಷ್ಮನು ಮಡದಿ ಸುಗ್ಗಲದೇವಿಯೊಡನೆಯೂ ತನ್ನ ಸಾವಿರ ಮಂದಿ ವೀರರೊಡನೆಯೂ ಪ್ರಾಣವನ್ನರ್ಪಿಸಿದನೆಂದು ಅದರ ಶಾಸನ ಹೇಳುತ್ತದೆ. ತಮ್ಮ ಕೊರಳನ್ನು ತಾವೇ ಕಡಿದುಕೊಳ್ಳುವ ಆಳುಗಳು ಅದರ ಮೇಲೆ ಸಾಲಾಗಿ ಕೆತ್ತಲ್ಪಟ್ಟಿದ್ದಾರೆ. ಇವರನ್ನು ಗರುಡರೆನ್ನುತ್ತಾರೆ. ಪರರ ಪೆಟ್ಟಿಗೆ ಎಡೆಯೇ ಇಲ್ಲದಂತೆ ಮಾಡುವ ಈ ಕ್ರಮವನ್ನು ತರ್ಕದ ಬಲದಿಂದ ಆತ್ಮರಕ್ಷಣೆಯ ಪರಾಕಾಷ್ಠೆಯೆಂದು ಸಾಧಿಸಬಹುದು. ಆದರೆ ಆ ಕಂಬದ ಮುಂದೆ ನಿಂತು ತರ್ಕ ಮಾಡಲು ಮನಸ್ಸು ಬಾರದು. ಈ ಪ್ರಬಂಧಕಾರನು ಅಲ್ಲಿ ಬರೆದುಕೊಳ್ಳದೆ ಮುಂದಕ್ಕೆ ಹೋದನು.

ಮುಮ್ಮಡಿ ಬಲ್ಲಾಳನ ಕ್ರಮವೇ ಬೇರೆ. ೧೩೧೧ರಲ್ಲಿ ಮಲಿಕ್ ಕಾಫೂರನ ಸೈನ್ಯ ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಬಾಗಿಲಿಗೆ ಬಂದಾಗ ಅರಸನು ದಕ್ಷಿಣದಲ್ಲಿ ಪಾಂಡ್ಯರ ಮನೆಜಗಳದಲ್ಲಿ ತಲೆಹಾಕಿದ್ದನು. ಅಲ್ಲಿಂದ ಧಾವಿಸಿ ಬಂದು, ಬಲಾಬಲವನ್ನು ತೂಗಿನೋಡಿ, ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಿ ಸಂಧಿ ಮಾಡಿಕೊಂಡನು. ಕತ್ತಲ ರಸ್ತೆಯಲ್ಲಿ ಚಾಕು ತೋರಿದವನಿಗೆ ಗಡಿಯಾರವನ್ನೂ ಹಣದ ಚೀಲವನ್ನೂ ತೆಗೆದುಕೊಡಿ ಎಂದು ಇಂದಿನ ಪೋಲೀಸರು ಕೊಡುವ ಬುದ್ಧಿವಾದವನ್ನು ಇವನು ಏಳುನೂರು ವರ್ಷಗಳ ಹಿಂದೆಯೇ ಅನುಷ್ಠಾನಕ್ಕೆ ತಂದಿದ್ದನು. ಫಲವೂ ದೊರೆಯಿತು: ಇನ್ನೂ ಮೂವತ್ತು ವರ್ಷ ಬದುಕಿ ರಾಜ್ಯವಾಳಿದನು. ಕಡೆಗೆ ಮುಪ್ಪಿನಲ್ಲಿ ಮಧುರೆಯ ಸುಲ್ತಾನನ ಮೇಲೆ ದಂಡೆತ್ತಿ, ಗೆಲವು ಕೈಗೆಟುಕಿದ್ದಾಗ ಕಣ್ಣನೂರಿನಲ್ಲಿ ಮುತ್ತಿಗೆಗೆ ಸಿಕ್ಕವರಿಗೆ ಕದನವಿರಾಮವನ್ನು ಕರುಣಿಸಿ, ಆ ವಿರಾಮದಲ್ಲೇ ಸೆರೆ ಸಿಕ್ಕಿ ಕೊಲ್ಲಲ್ಪಟ್ಟನು. ಕೊಟ್ಟು ಉಳಿದವನು, ಬಿಟ್ಟು ಕೆಟ್ಟನು. ಈ ದೊರೆಯ ಬಳಿ ‘ಹೊಯ್’ ಎಂದು ಸಮಯವರಿತು ಕೂಗುವ ಸುದತ್ತನೊಬ್ಬನಿರಲಿಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು.

ಈಗ ಪ್ರತ್ಯಕ್ಷಪ್ರಮಾಣ; ಬಸ್ ನಿಲ್ದಾಣಕ್ಕೆ ಹೇಳಿದ್ದು ರೈಲು ನಿಲ್ದಾಣಕ್ಕೂ ಸಲ್ಲುತ್ತದೆ. ಬೆಂಗಳೂರು, ಹುಬ್ಬಳ್ಳಿ, ಹಾಸನಗಳ ಕಡೆಯ ಹಳಿಗಳು ಕೂಡುವ ಅರಸೀಕೆರೆಯ ಜಂಕ್ಷನ್ನಿನಲ್ಲಿ ಜನರಲ್ ಡಬ್ಬಿಯು ನಿಲ್ಲುವುದಕ್ಕೆ ಮುನ್ನವೇ ಕಿಟಕಿಯೊಳಗೆ ಟವೆಲ್ ಎಸೆದು ಆಸನವನ್ನು ಸ್ವಾಧೀನಪಡಿಸಿಕೊಳ್ಳುವ ಒಂದು ವಿದ್ಯೆಯುಂಟು. ಧನುರ್ವೇದದವರು ಇದನ್ನು ಹೇಳಿಲ್ಲವಾದ್ದರಿಂದ ನಾವೇ ಇದಕ್ಕೆ ವಸ್ತ್ರಾಸ್ತ್ರವೆಂದು ನಾಮಕರಣ ಮಾಡಿದ್ದೇವೆ. ಒಮ್ಮೆ ಹೀಗೆ ಎಸೆದ ಟವೆಲ್ಲಿನ ಮೇಲೆ ಮತ್ತೊಬ್ಬರು ಕೊಬ್ಬರಿಯ ಚೀಲವನ್ನಿಟ್ಟರು. ಮಾತು ಬೆಳೆಯಿತು, ತೋಳುಗಳು ಮೇಲೇರಿದವು, ಅಂಗಿಯ ಕೊರಳಪಟ್ಟಿ ಒಬ್ಬರದು ಇನ್ನೊಬ್ಬರ ಮುಷ್ಟಿಗೆ ಬಂದಿತು. ಆಗ ಇಡೀ ಡಬ್ಬಿಯಿಂದ ಎದ್ದ ಧ್ವನಿಗಳನ್ನು ಕೇಳಬೇಕಿತ್ತು.

“ಬಿಡಬೇಡಿ ಯಜಮಾನ್ರೆ, ನ್ಯಾಯ ನಿಮ್ ಕಡೆ ಐತೆ!”

“ಒಂದು ಬಿಡಿ ಅಣ್ಣ ಅವನಿಗೆ, ನಾವಿದೀವಿ!”

‘ನಾವಿದೀವಿ’ ಎಂದವರು ಮೇಲಿನ ಹಲಗೆಯ ಮೇಲೆ ಕಾಲು ಚಾಚಿ ಒರಗಿದ್ದರು ಮತ್ತು ಕಡೆಯವರೆಗೂ ಅಲ್ಲಿಯೇ ಇದ್ದರು. ‘ಹೊಯ್’ ಎನ್ನುವವರು ಎಂಬತ್ತು ಮಂದಿ. ಹೊಯ್ಯತಕ್ಕವರು ಇಬ್ಬರೇ, ಅವರಿಬ್ಬರೂ ಇನ್ನೊಬ್ಬರು ಮೊದಲು ಹೊಯ್ಯಲೆಂದು ಕಾದವರು. ಇಷ್ಟರಲ್ಲಿ ಕುದಿಯುವ ಚಹಾದ ಕ್ಯಾನನ್ನು ತಲೆಯೆತ್ತರಕ್ಕೆ ಹಿಡಿದುಕೊಂಡು, “ಜಾಗ, ಜಾಗ, ಬಿಸಿ ಐತೆ” ಎನ್ನುತ್ತ ಒಬ್ಬ ಹುಡುಗನು ನಡುವೆ ನುಗ್ಗಿದನು. ಕೊರಳಪಟ್ಟಿಯನ್ನು ಹಿಡಿದಿದ್ದ ಮುಷ್ಟಿ ತಾನಾಗಿ ಬಿಚ್ಚಿತು. ಇಬ್ಬರೂ ಹೊಟ್ಟೆಯನ್ನು ಒಳಗೆಳೆದುಕೊಂಡು ದಾರಿ ಬಿಟ್ಟರು. ಹುಡುಗನು ದಾಟಿಹೋದ ಮೇಲೆ ಜಗಳವನ್ನು ಎಲ್ಲಿಗೆ ನಿಲ್ಲಿಸಿದ್ದೆವೆಂಬುದು ಇಬ್ಬರಿಗೂ ನೆನಪಿಗೆ ಬಾರದೆ, ಟವೆಲ್ ಒಂದು ಕಡೆಗೆ, ಚೀಲ ಕಾಲಡಿಗೆ ಸರಿದು, ಒಂದೇ ಆಸನದಲ್ಲಿ ಇಬ್ಬರೂ ಕುಳಿತರು. ಸುದತ್ತಸಂಪ್ರದಾಯವು ಅವಿಚ್ಛಿನ್ನವಾಗಿ ಉಳಿದಿದೆಯೆಂಬುದಕ್ಕೂ, ಸಳವಂಶವು ನಿರ್ವಂಶವಾಗಿದೆಯೆಂಬುದಕ್ಕೂ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಾಗದು. ಚಹಾದ ಕ್ಯಾನಿನ ಸ್ಥಾನ ಯಾವುದೆಂಬುದನ್ನು ಬೇರೊಂದು ಪ್ರಬಂಧದಲ್ಲಿ ಚರ್ಚಿಸತಕ್ಕದ್ದು.

ಈ ಸಿದ್ಧಾಂತಕ್ಕೆ ಒಂದೇ ಒಂದು ಪ್ರಬಲ ಆಕ್ಷೇಪವುಂಟು. ಅದು ಬೇಲೂರಿನಲ್ಲೇ ಇದೆ. ೧೧೧೭ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ದೇಗುಲದ ಮದನಿಕೆಯರಲ್ಲಿ ಹೆಚ್ಚಿನವರು ಕನ್ನಡಿ ನೋಡುವುದರಲ್ಲಿಯೂ ನರ್ತನದಲ್ಲಿಯೂ ತೊಡಗಿರಲು, ಒಬ್ಬಳ ಉಡುಗೆಯ ಅಂಚನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. ಅವಳು ಯಾರನ್ನೂ ಕೂಗಲಿಲ್ಲ. ಕೈಗೆ ಸಿಕ್ಕಿದ ಒಂದು ರೆಂಬೆಯನ್ನೆತ್ತಿ, ತಾನೇ ಗದರಿಸುತ್ತಿದ್ದಾಳೆ. ಗುರುವಿಲ್ಲ, ಗರಡಿಯಿಲ್ಲ, ತುಪ್ಪವಿಲ್ಲ. ಎದುರಾಳಿಯೋ ಬೇಲೂರಿನಲ್ಲಿ ಯಾವ ಯಾತ್ರಿಕನಿಗಾದರೂ ಎದುರಾಗಬಹುದಾದವನು, ಬಾಳೆಹಣ್ಣಿನ ಚೀಲವಿದ್ದರಂತೂ ಖಂಡಿತ. ಇವಳನ್ನು ಸ್ವಯಂಸಳೆಯೆಂದು ಕರೆದು ಹೊಸದೊಂದು ಪ್ರಸ್ಥಾನವನ್ನೇ ಕಲ್ಪಿಸಬೇಕೆಂದು ಈ ಪ್ರಬಂಧದ ಹಸ್ತಪ್ರತಿಯನ್ನು ಓದಿದ ನನ್ನ ಮನೆಯವರು ಹಟ ಹಿಡಿದಿದ್ದಾರೆ. ಮನೆಯ ಶಾಂತಿಯ ದೃಷ್ಟಿಯಿಂದ ಒಪ್ಪಬಹುದಾದರೂ ಶಾಸ್ತ್ರದ ದೃಷ್ಟಿಯಿಂದ ತೊಡಕಿದೆ: ರೆಂಬೆ ಮೇಲೆದ್ದು ಒಂಬತ್ತು ಶತಮಾನಗಳಾದರೂ ಕೋತಿಯು ಸೀರೆಯನ್ನು ಬಿಟ್ಟಿಲ್ಲ. ಇದನ್ನು ರಕ್ಷಣೆಯೆಂದು ಎಣಿಸತಕ್ಕದ್ದೋ, ವಿಚಾರಣೆಯಲ್ಲಿರುವ ಪ್ರಕರಣವೆಂದು ಎಣಿಸತಕ್ಕದ್ದೋ ಎಂದು ನಾನು ಕೇಳಿದೆನು. “ಹರಿದಿಲ್ಲವಲ್ಲ!” ಎಂದು ಅವರು ಕಾಗದವನ್ನು ಹಿಂದಕ್ಕೆ ಕೊಟ್ಟರು.