ನಾ ಏನೂ ಮಾಡಿಲ್ರಿ ಕಾಕಾ

ಬೆಳಗಾವಿಯ ಸದಾಶಿವನಗರದಲ್ಲಿ ಕಂಪ್ಯೂಟರ್ ಕೈಕೊಟ್ಟರೆ ಮೊದಲ ಫೋನು ಹೋಗುವುದು ಕಂಪನಿಗಲ್ಲ, ಕಾಕಾನಿಗೆ. ಓಣಿಗೊಬ್ಬರಾದರೂ ಇಂಥ ಕಾಕಾ ಇರುತ್ತಾರೆ. ಅರವತ್ತಕ್ಕೆ ಸರಕಾರಿ ನೌಕರಿ ಮುಗಿದಿರುತ್ತದೆ. ಮಕ್ಕಳು ಪುಣೆಗೋ ಬೆಂಗಳೂರಿಗೋ ಹೊರಟುಹೋಗಿ, ತಾವು ಓದುವಾಗ ಬಳಸಿದ ಕಂಪ್ಯೂಟರನ್ನು ಅಪ್ಪನ ಪಾಲಿಗೆ ಬಿಟ್ಟಿರುತ್ತಾರೆ. ಅದನ್ನೇ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಾಕಾ ವಿದ್ಯೆ ಕಲಿತದ್ದು. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕಕ್ಕೆ ಸ್ಟಾರ್ ಸ್ಕ್ರೂಡ್ರೈವರ್, ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಿಂದ ಎತ್ತಿದ ರಬ್ಬರು, ಬಾಗಿಲಿಗೆ ಬಣ್ಣ ಹಚ್ಚಿ ಉಳಿದ ಒಂದಿಂಚಿನ ಬ್ರಶ್ಶು. ಫೀಸು ಇಲ್ಲ. ಚಾ ಮಾತ್ರ. ಮನೆಯಲ್ಲಿ ಸಕ್ಕರೆ ಬಂದ್ ಆಗಿರುವುದರಿಂದ ಮಂದಿಯ ಮನೆಯ ಚಾದ ಮೇಲೆ ವಿಶೇಷ ಪ್ರೀತಿ.

ಬಂದ ಕಾಕಾ ಮೊದಲು ನೋಡುವುದು ಕಂಪ್ಯೂಟರಿನ ಕಡೆಗಲ್ಲ, ಮನೆಯವರ ಮುಖದ ಕಡೆ.

“ಏನ್ ಮಾಡಿದ್ರಿ?”

“ನಾ ಏನೂ ಮಾಡಿಲ್ರಿ ಕಾಕಾ. ಸುಮ್ನ ಕುಂತಿದ್ದೆ, ತಾನ ಬಂದ್ ಆತು.”

ಪಕ್ಕದ ಮರಾಠಿ ಮನೆಯಲ್ಲಿ ಇದೇ ಪ್ರಶ್ನೆ “ಕಾಯ್ ಕೇಲಂತ?” ಆಗುತ್ತದೆ. ಉತ್ತರ, “ಕಾಹೀ ನಾಹೀ ಕೇಲಂ ಕಾಕಾ.” ಗಡಿಯ ಬಗ್ಗೆ ಮಹಾಜನ ವರದಿ 1967ರಲ್ಲಿ ಬಂದರೂ ಎರಡು ಕಡೆಯವರ ತಕರಾರು ತೀರಲಿಲ್ಲ, ಈ ಒಂದು ಸುಳ್ಳಿನ ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳಿಗೆ ಪೂರ್ಣ ಒಮ್ಮತ.

ಕಾಕಾ ಜಗಳಕ್ಕೆ ಹೋಗುವುದಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಕಾಯುತ್ತಾರೆ. ಚಾ ಬರುವ ಹೊತ್ತಿಗೆ ಸತ್ಯವೂ ಒಂದೊಂದಾಗಿ ಹೊರಬೀಳುತ್ತದೆ. ಮೊಮ್ಮಗ ಏನೋ ಒತ್ತಿದ್ದ. ಕಸ ಹೊಡೆಯುವಾಗ ವೈರು ಕಾಲಿಗೆ ತೊಡರಿತ್ತು. ‘ಪುಕ್ಕಟೆ ಪಂಚಾಂಗ’ ಅಂತ ಬಂದದ್ದರ ಮೇಲೆ ಒತ್ತಿದ್ದು ಹೌದು, ಆದರೆ ಅದು ಹೋದ ವಾರ. ಅರ್ಧ ಕೇಸುಗಳು ಇಲ್ಲಿಗೇ ಮುಗಿಯುತ್ತವೆ. ಸ್ಕ್ರೀನಿನ ಕೇಬಲ್ ಸಡಿಲಾಗಿರುತ್ತದೆ, ಇಲ್ಲವೆ ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿರುತ್ತದೆ ಮತ್ತು ‘ಪಾಸ್‌ವರ್ಡ್ ಯಾರೋ ಕದ್ದಾರ’ ಎಂದು ಮನೆಯಿಡೀ ಅಳುತ್ತಿರುತ್ತದೆ.

ಉಳಿದ ಅರ್ಧಕ್ಕೆ ಎರಡನೆಯ ಪ್ರಶ್ನೆ.

“ರೀಸ್ಟಾರ್ಟ್ ಮಾಡಿ ನೋಡೀರಿ?”

“ದಿನಾ ರಾತ್ರಿ ಬಂದ್ ಮಾಡಿ ಮುಂಜಾನೆ ಚಾಲೂ ಮಾಡ್ತೇನಲ್ರಿ. ಎರಡೂ ಒಂದ ಅಲ್ಲೇನು?”

ಈ ಮಾತಿಗಾಗಿಯೇ ಕಾಕಾ ಬೆಳಗಿನಿಂದ ಕಾದಿರುತ್ತಾರೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬುದೊಂದು ಸೇರಿಕೊಂಡಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ಕಂಪ್ಯೂಟರ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮುಂಜಾನೆ ಅದನ್ನೇ ಎತ್ತಿಕೊಂಡು ಬೇಗ ಏಳುತ್ತದೆ. ನಿನ್ನೆಯ ರೋಗವೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಮೊದಲಿನಿಂದ. ಕಾಕಾ ಇದನ್ನು ಇಷ್ಟುದ್ದ ಹೇಳುವುದಿಲ್ಲ. “ಶಟ್‌ಡೌನ್ ಅಂದ್ರ ರಾತ್ರಿ ಸಾರು ಮುಂಜಾನೆ ಬಿಸಿ ಮಾಡಿದಂಗ್ರಿ. ರೀಸ್ಟಾರ್ಟ್ ಅಂದ್ರ ಹೊಸಾ ಸಾರು.” ವೈನಿಯವರಿಗೆ ತಕ್ಷಣ ತಿಳಿಯುತ್ತದೆ. ಯಜಮಾನರಿಗೆ ಸಾರಿನ ಬಗ್ಗೆ ಅನುಮಾನ ಶುರುವಾಗುತ್ತದೆ.

ಕಾಕಾನ ಸುಗ್ಗಿ ಮಳೆಗಾಲ. ಜೂನಿನಲ್ಲಿ ಹಿಡಿದ ಮಳೆ ಬೆಳಗಾವಿಯಲ್ಲಿ ಬಟ್ಟೆ ಒಣಗಗೊಡುವುದಿಲ್ಲ. ಖಾನಾಪುರದ ಕಡೆಯಂತೂ ಕೇಳುವುದೇ ಬೇಡ. ಅಲ್ಲಿನ ಬೀಗರು ಫೋನ್ ಮಾಡಿ “ಬೀಪ್ ಬೀಪ್ ಅಂತೈತ್ರಿ, ಸ್ಕ್ರೀನ್ ಕರ್ರಗ ಐತಿ” ಎಂದರೆ ಸಾಕು, ಕಾಕಾ ಛತ್ರಿ ಹಿಡಿದು ಬಸ್ಸಿಗೆ ನಿಲ್ಲುತ್ತಾರೆ. ಹೆಂಚಿನ ಮನೆ, ಕಿಟಕಿ ಪಕ್ಕ ಕಂಪ್ಯೂಟರ್, ಅದರ ಮೇಲೆ ಕ್ರೋಶಾ ಹಾಕಿದ ಹೊದಿಕೆ. ಮೊದಲು ಪ್ಲಗ್ ಕೀಳುತ್ತಾರೆ. ಆಮೇಲೆ ಪವರ್ ಬಟನ್ ಒತ್ತಿಹಿಡಿದು ಒಳಗೆ ಉಳಿದ ಕರೆಂಟು ಇಳಿಸುತ್ತಾರೆ. ಡಬ್ಬಿಯ ಬದಿ ತೆರೆದರೆ ಧೂಳಿನ ಕಂಬಳಿ, ಎರಡು ಹಲ್ಲಿ ಮೊಟ್ಟೆ. ಬೆರಳನ್ನು ಡಬ್ಬಿಯ ತಗಡಿಗೆ ಮುಟ್ಟಿಸಿ, ಎರಡೂ ಕ್ಲಿಪ್ಪು ಒತ್ತಿ ರ‍್ಯಾಮ್ ಪಟ್ಟಿಯನ್ನು ಹೊರಗೆ ತೆಗೆಯುತ್ತಾರೆ. ಅಂಚಿನ ಬಂಗಾರದ ಬಣ್ಣದ ಹಲ್ಲುಗಳು ಹಸಿ ಹವೆಗೆ ಮಂಕಾಗಿವೆ. ಕಿಸೆಯ ರಬ್ಬರು ಈಗ ಹೊರಬರುತ್ತದೆ. ಒಂದೇ ದಿಕ್ಕಿಗೆ, ಮೆತ್ತಗೆ, ಮೊಮ್ಮಗಳ ಗಣಿತದ ತಪ್ಪು ಅಳಿಸುವಾಗಲೂ ತೋರದ ತಾಳ್ಮೆಯಿಂದ ತಿಕ್ಕುತ್ತಾರೆ. ಬೀಗರು ಸಹಾಯಕ್ಕೆಂದು ಬಾಗಿ ಉಫ್ ಎಂದು ಊದಿದರೋ, ಕೆಟ್ಟರು. “ಊದಬ್ಯಾಡ್ರಿ! ಬಾಯಾನ ಹಸಿ ಹೋಗಿ ಕುಂದರ್ತೈತಿ!” ಉದುರಿದ ಚೂರನ್ನು ಬ್ರಶ್ಶಿನಿಂದ ಸರಿಸಿ, ಪಟ್ಟಿಯನ್ನು ಮತ್ತೆ ಕೂರಿಸಿ ಎರಡೂ ತುದಿ ‘ಟಕ್’ ಎನ್ನುವತನಕ ಒತ್ತಬೇಕು. ಸ್ಕ್ರೀನಿಗೆ ಬೆಳಕು ಬಂದಾಗ ಬೀಗರು ಕೈಮುಗಿಯುತ್ತಾರೆ. ಡಬ್ಬಿ ಮುಚ್ಚಿದ ಮೇಲೆ ಒಂದು ಸ್ಕ್ರೂ ಮಾತ್ರ ಟೇಬಲ್ ಮೇಲೆ ಉಳಿದಿರುತ್ತದೆ. ಕಾಕಾ ಅದನ್ನು ಕಿಸೆಗೆ ಹಾಕಿಕೊಳ್ಳುತ್ತ, “ಕಂಪನ್ಯಾವ್ರು ಒಂದು ಹೆಚ್ಚಿಗಿನ ಹಾಕಿರ್ತಾರ” ಎನ್ನುತ್ತಾರೆ.

ಸಣ್ಣ ರೋಗಕ್ಕೂ ದೊಡ್ಡ ಗಾಬರಿಯಾಗುವುದುಂಟು. ಬ್ಯಾಂಕಿನ ತಾಣ ತೆರೆದರೆ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ, ಪೆನ್ಷನ್ ಹೋಯಿತೆಂದು ಯಜಮಾನರು ನೀರು ಕುಡಿಯುತ್ತಾರೆ. ಕಾಕಾ ಸ್ಕ್ರೀನಿನ ಮೂಲೆ ತೋರಿಸುತ್ತಾರೆ. ತಾರೀಖು ಹತ್ತಾರು ವರ್ಷ ಹಿಂದಿನದು! ಒಳಗಿನ ಗಡಿಯಾರಕ್ಕೆ ಜೀವ ಕೊಡುವ ಸಿಆರ್ 2032 ಎಂಬ ಗುಂಡು ಸೆಲ್ಲು ಸತ್ತಿದೆ. ತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ತಾರೀಖು ತಪ್ಪಿದ ಕಂಪ್ಯೂಟರ್ ಸರಿಯಾದ ಬ್ಯಾಂಕನ್ನೂ ನಂಬುವುದಿಲ್ಲ.

ಲಗ್ನದ ಸೀಜನ್ನಿನಲ್ಲಿ ಇನ್ನೊಂದು ಬಗೆಯ ಅಳು. ಮನೆಯಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಖಡೇ ಬಜಾರದ ಪ್ರಿಂಟಿಂಗ್ ಅಂಗಡಿಯಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತ ಪರದೇಶದ ಅಕ್ಷರಗಳು. ವರ, ವಧು, ಇಬ್ಬರ ಸೋದರಮಾವಂದಿರು, ಎಲ್ಲರೂ ಫ್ರೆಂಚರಾಗಿಬಿಟ್ಟಿದ್ದಾರೆ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಶೇಷಾದ್ರಿವಾಸು ಅವರ ಬರಹವಾಗಲಿ, ಹಳೆಯ ರೀತಿಯಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದಂಥವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಯುನಿಕೋಡಿಗೆ ಬದಲಿಸಿದರೆ ಎಲ್ಲಿಯೂ ಕನ್ನಡವಾಗಿಯೇ ಇರುತ್ತದೆ. ಕಾಕಾ ಬದಲಿಸಿ ಕೊಡುತ್ತಾರೆ, ಕೂತಲ್ಲೇ ಪತ್ರಿಕೆಯ ಒಕ್ಕಣೆಯನ್ನೂ ತಿದ್ದುತ್ತಾರೆ, ಊಟದ ವೇಳೆ ಎಷ್ಟಕ್ಕೆಂದು ನೋಡಿಕೊಳ್ಳುತ್ತಾರೆ.

ಕಾಕಾನ ಏಕೈಕ ವೈರಿ ಎಂದರೆ ಆಯಾ ಮನೆಯವರ ಬೆಂಗಳೂರಿನ ಮಗ. ಆ ಮಗ ಫೋನಿನಲ್ಲೇ “ಪಪ್ಪಾ, ಹೊಸಾ ಲ್ಯಾಪ್‌ಟಾಪ್ ತಗೊಂಡಬಿಡ್ರಿ” ಎಂದು ಮುಗಿಸುತ್ತಾನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಳೆಯದನ್ನು ಹಿಡಿದುಕೊಂಡು ಕೂರುವುದು ಅಪಾಯ ಎನ್ನುವುದು ಅವನ ವಾದ. ವಾದದಲ್ಲಿ ಹುರುಳಿದೆ. ಆದರೆ ಸ್ಕ್ರೀನ್ ತುಂಬ ಕೆಂಪು ಬಂದು, ಸೈರನ್ ಕೂಗಿ, ‘ಕೂಡಲೇ ಈ ನಂಬರಿಗೆ ಕರೆ ಮಾಡಿ’ ಎಂದು ಹೆದರಿಸಿದಾಗ ಆ ಮಗ ಮೀಟಿಂಗಿನಲ್ಲಿರುತ್ತಾನೆ. ಓಡಿಬರುವುದು ಕಾಕಾ, ಒಮ್ಮೊಮ್ಮೆ ಲುಂಗಿಯಲ್ಲೇ. “ಮೈಕ್ರೋಸಾಫ್ಟ್‌ನವ್ರು ಸ್ಕ್ರೀನ್ ಮ್ಯಾಲೆ ಫೋನ್ ನಂಬರ್ ಹಾಕಂಗಿಲ್ಲ, ತಿಳೀತಿಲ್ಲೋ? ಆ ನಂಬರ್‌ಗೆ ಹಚ್ಚಬ್ಯಾಡ್ರಿ.” ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತುತ್ತಾರೆ. ಅದಕ್ಕೂ ಬಗ್ಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚುತ್ತಾರೆ. ಅಷ್ಟರಲ್ಲೇ ಯಾರಾದರೂ ಕರೆ ಮಾಡಿ ದುಡ್ಡು ಕಳಕೊಂಡಿದ್ದರೆ ಬೈಯುವುದನ್ನು ಮುಂದಕ್ಕಿಟ್ಟು, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಾವೇ ಫೋನ್ ಹಚ್ಚಿ ಕೊಡುತ್ತಾರೆ. ಬೈಗುಳ ಆಮೇಲೆ, ಚಾದ ಜೊತೆ.

ಹೊರಡುವ ಮುನ್ನ ಪ್ರತಿ ಮನೆಯಲ್ಲೂ ಒಂದೇ ವಿಚಾರಣೆ.

“ಫೋಟೋ ಎರಡು ಕಡೆ ಇಡ್ರಿ ಅಂತ ಹೋದಸಲ ಹೇಳಿದ್ನಿ. ಇಟ್ಟೀರಿ?”

“ಇಟ್ಟೇನ್ರಿ ಕಾಕಾ. ಮಗಳ ಲಗ್ನದ ಫೋಟೋ ಎಲ್ಲಾ ಎರಡೆರಡು. ಸಿ ಡ್ರೈವ್‌ನಾಗ ಒಂದು, ಡಿ ಡ್ರೈವ್‌ನಾಗ ಒಂದು.”

ಡಬ್ಬಿಯೊಳಗೆ ಇರುವುದು ಒಂದೇ ಹಾರ್ಡ್‌ಡಿಸ್ಕು. ಸಿ ಮತ್ತು ಡಿ ಅದರದ್ದೇ ಎರಡು ಭಾಗ. ಸತ್ತರೆ ಎರಡೂ ಕೂಡಿಯೇ ಸಾಯುತ್ತವೆ. ಕಾಲಿಗೆ ಹಾಕಿದ್ದ ಚಪ್ಪಲಿಯನ್ನು ಕಾಕಾ ಮತ್ತೆ ಕಳಚುತ್ತಾರೆ.

“ವೈನಿ, ಇನ್ನೊಂದು ಕಪ್ ಚಾ ಇಡ್ರಿ.”